ಕೂಸುಗಳ ಸಿಟ್ಟು

ಜೂನ್ ೩, ಸೋಮವಾರ

ಇವತ್ತು ವಿಭಾಗದ ಸಭೆಯಲ್ಲಿ ಎಲ್ಲರೂ ನಕ್ಕರು. ನಗಿಸಿದವರು ಮುಖ್ಯಸ್ಥರು, ನಗೆಪಾಟಲಾದವಳು ನಾನು.

ಈ ಮುಖ್ಯಸ್ಥರಿಗೆ ನಾನು ಮನಸ್ಸಿನಲ್ಲೇ ಇಟ್ಟಿರುವ ಹೆಸರು ನಗುಮೊಗ. ರಜೆ ಕೊಡುವುದಿಲ್ಲ ಎನ್ನುವಾಗಲೂ ನಗು, ಸತ್ತವರಿಗೆ ಸಂತಾಪ ಹೇಳುವಾಗಲೂ ಅದೇ ನಗು. ಮನಶ್ಶಾಸ್ತ್ರ ವಿಭಾಗಕ್ಕೆ ಹೊಸ ವೆಬ್‌ಸೈಟ್ ಆಗುತ್ತದಂತೆ. ಪ್ರತಿಯೊಬ್ಬ ಅಧ್ಯಾಪಕರೂ ತಮ್ಮ ಬೋಧನೆಯ ವಿಷಯ, ಸಂಶೋಧನೆಯ ಆಸಕ್ತಿ ಎರಡನ್ನೂ ಹೊಸದಾಗಿ ಬರೆದು ಕೊಡಬೇಕಂತೆ. "ಓದಿದವರಿಗೆ ನಮ್ಮ ಹತ್ರ ಬರ್ಬೇಕು ಅನ್ನಿಸ್ಬೇಕು, ಕೈಯಲ್ಲಿ ಏನಾದ್ರೂ ಹಿಡ್ಕೊಂಡು ಬರ್ಬೇಕು" ಎಂದರು. ಆಮೇಲೆ ಹಳೆಯ ಪುಟವನ್ನು ಗೋಡೆಯ ಮೇಲೆ ತೋರಿಸಿ ಒಬ್ಬೊಬ್ಬರದನ್ನೇ ಓದುತ್ತ ಬಂದರು. ನನ್ನ ಸರದಿ ಬಂತು. ಬೋಧನೆ: ಶೈಶವದ ಮನಶ್ಶಾಸ್ತ್ರ. ಸಂಶೋಧನೆ: ಕೂಸುಗಳ ಸಿಟ್ಟು.

"ಮೇಡಂ, ಕೂಸುಗಳ ಸಿಟ್ಟು ತಗೊಂಡು ಯಾರು ಏನ್ ಮಾಡ್ತಾರೆ? ಹಾಲು ಕೊಟ್ರೆ ಹೋಯ್ತಲ್ಲ!"

ಸಭೆಗೆ ಸಭೆಯೇ ನಕ್ಕಿತು. ನನ್ನ ಕೈಕೆಳಗೆ ಪಿಎಚ್‌.ಡಿ. ಮುಗಿಸಿದ ಇಬ್ಬರೂ ನಕ್ಕರು. ಒಬ್ಬ ಮಾತ್ರ ನಕ್ಕ ಮೇಲೆ ಕೆಮ್ಮಿದ ಹಾಗೆ ಮಾಡಿದ, ಅಷ್ಟರ ಮಟ್ಟಿಗೆ ಗುರುಭಕ್ತಿ.

ಗಾಯದ ಮೇಲೆ ಬರೆ ಇನ್ನೂ ಬಾಕಿ ಇತ್ತು. ನನ್ನ ಕೂಸುಗಳ ಕೋಣೆಯನ್ನು ಬಿಟ್ಟುಕೊಡಬೇಕು. ಊರೂರಲ್ಲೂ ಅಂಗಡಿ ಇರುವ ದೊಡ್ಡದೊಂದು ಕಂಪನಿಯವರು ವಿಭಾಗಕ್ಕೆ ಅನುದಾನ ಕೊಟ್ಟಿದ್ದಾರೆ. ಗಿರಾಕಿ ಯಾವ ಸಾಮಾನನ್ನು ಎಷ್ಟು ಹೊತ್ತು ನೋಡುತ್ತಾನೆ ಎಂದು ಅಳೆಯಬೇಕಂತೆ. ಅದಕ್ಕೆಂದೇ ಒಬ್ಬಳನ್ನು ಹೊಸದಾಗಿ ನೇಮಿಸಿಕೊಂಡಿದ್ದಾರೆ. ಅವಳಿಗೆ ನನ್ನ ಕೋಣೆ. ನನ್ನ ಶೈಶವದ ಪಾಠಕ್ಕೂ ಈ ವರ್ಷ "ವಿಶ್ರಾಂತಿ". ಬದಲಿಗೆ ಮೊದಲ ವರ್ಷದವರಿಗೆ ಅಂಕಿಅಂಶ ಕಲಿಸಬೇಕು.

ಹೊಸಬಳು ಮೂಲೆಯಲ್ಲಿ ಕೂತಿದ್ದಳು. ಅವಳು ನಗಲಿಲ್ಲ ನಿಜ. ಪರಿಚಯ ಮಾಡಿಕೊಳ್ಳಿ ಎಂದಾಗ ಎದ್ದು ನಿಂತು, ನಮ್ಮೆಲ್ಲರನ್ನೂ ಒಮ್ಮೆ ನೋಡಿ, ತಲೆಯಾಡಿಸಿ ಕೂತುಬಿಟ್ಟಳು. ಒಂದು ಮಾತಿಲ್ಲ. ನಮ್ಮಂಥವರ ಹತ್ತಿರ ಮಾತಾಡುವುದು ಅವಳ ಘನತೆಗೆ ಕಡಿಮೆ ಇರಬೇಕು.

ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಂತೆಯೇ ಅತ್ತೆ ಕೇಳಿದರು, "ಇವತ್ತು ಯಾರ ಜೊತೆ?" ಚಪ್ಪಲಿ ಬಿದ್ದ ಸದ್ದಿನಲ್ಲೇ ಅವರಿಗೆ ನನ್ನ ಸಿಟ್ಟು ಗೊತ್ತಾಗುತ್ತದೆ. ಎಲ್ಲ ಹೇಳಿದೆ. "ಸಿಟ್ಟಲ್ಲಿ ಕೊಯ್ದ ಮೂಗು ಶಾಂತಿಲಿ ಬರಲ್ಲಮ್ಮ" ಎಂದರು. ನಾನು ಯಾರ ಮೂಗನ್ನೂ ಕೊಯ್ದಿಲ್ಲ. ಕೊಯ್ಯಿಸಿಕೊಂಡು ಬಂದಿದ್ದೇನೆ.

ಜೂನ್ ೫, ಬುಧವಾರ

ಬರೆದು ಕೊಟ್ಟೆ. ಬೋಧನೆ: ಶೈಶವದ ಮನಶ್ಶಾಸ್ತ್ರ. ಸಂಶೋಧನೆ: ಕೂಸುಗಳ ಸಿಟ್ಟು. ಒಂದಕ್ಷರ ಬದಲಿಸಲಿಲ್ಲ.

ಜೂನ್ ೧೧, ಮಂಗಳವಾರ

ಕೋಣೆ ಇನ್ನೂ ಎರಡು ವಾರ ನನ್ನದು. ಇವತ್ತು ಬಸ್ ಕಂಡಕ್ಟರ್ ಹೆಂಗಸು ತನ್ನ ಐದು ತಿಂಗಳ ಮಗನನ್ನು ಎತ್ತಿಕೊಂಡು ಬಂದಿದ್ದಳು. ಮುಂಜಾನೆಯ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಾಳೆ, ಪಾಪ.

ತಾಯಿ ಕೋಣೆಯಲ್ಲೇ ಒಂದು ಬದಿಗೆ ಇರುತ್ತಾಳೆ. ಕೂಸಿನ ಮಣಿಕಟ್ಟಿಗೆ ಮೆತ್ತನೆಯ ಪಟ್ಟಿ, ಪಟ್ಟಿಗೊಂದು ದಾರ. ಕೈ ಎಳೆದರೆ ಎದುರಿನ ಬಣ್ಣದ ಚಕ್ರ ತಿರುಗಿ ಗಂಟೆ ಬಾರಿಸುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕೂಸು ಕಲಿತುಬಿಡುತ್ತದೆ, ತಾನೇ ಲೋಕದ ಯಜಮಾನ ಎನ್ನುವ ಹಾಗೆ ಎಳೆಯುತ್ತದೆ. ಆಗ ನಾನು ಗಾಜಿನ ಹಿಂದಿನಿಂದ ದಾರದ ಸಂಪರ್ಕ ತಪ್ಪಿಸುತ್ತೇನೆ. ಎಳೆದರೂ ಚಕ್ರ ತಿರುಗುವುದಿಲ್ಲ. ಕೆಲವು ಕೂಸುಗಳು ಕೆಳತುಟಿ ಹೊರಗೆ ಮಾಡಿ, ಕೈ ಚೆಲ್ಲಿ, ಅತ್ತುಬಿಡುತ್ತವೆ. ಕೆಲವಕ್ಕೆ ಸಿಟ್ಟು ಬರುತ್ತದೆ. ಹುಬ್ಬು ಕೆಳಗಿಳಿದು, ಬಾಯಿ ಚೌಕವಾಗಿ, ಮೊದಲಿಗಿಂತ ಜೋರಾಗಿ ಎಳೆಯುತ್ತವೆ, ಕಿರುಚುತ್ತವೆ. ಮತ್ತೆ ಸಂಪರ್ಕ ಕೊಟ್ಟಾಗ ಚಕ್ರ ತಿರುಗಿಸುವುದು ಈ ಸಿಟ್ಟಿನ ಕೂಸುಗಳೇ. ಅತ್ತವು ಕೈ ಎತ್ತುವುದೇ ಇಲ್ಲ. ಸಿಟ್ಟು ಬಂದಿದೆ ಎಂದರೆ ಇನ್ನೂ ಕೈ ಬಿಟ್ಟಿಲ್ಲ ಎಂದು ಅರ್ಥ. ಇಷ್ಟನ್ನು ತಿಳಿದುಕೊಳ್ಳಲು ನನಗೆ ಇಡೀ ವೃತ್ತಿಜೀವನ ಹಿಡಿದಿದೆ. ಇದಕ್ಕೆ ಅವರು "ಹಾಲು ಕೊಟ್ರೆ ಹೋಯ್ತಲ್ಲ" ಎನ್ನುತ್ತಾರೆ.

ಕಂಡಕ್ಟರಮ್ಮನ ಮಗ ಮಹಾ ಸಿಟ್ಟಿನವನು. ಕೋಣೆ ಹಾರಿಹೋಗುವಂತೆ ಕೂಗಿದ. "ನಮ್ಮತ್ತೆನೂ ಇದೇ ಪರೀಕ್ಷೆ ಮಾಡ್ತಾರೆ ಮೇಡಂ, ನನ್ನ ಮೇಲೆ" ಎಂದಳು ಅವಳು. ಎಷ್ಟೋ ದಿನದ ಮೇಲೆ ನಕ್ಕೆ.

ಸರಿಯಾಗಿ ಆಗಲೇ ಬಾಗಿಲು ತೆರೆದುಕೊಂಡು ಹೊಸಬಳು ಒಳಗೆ ಬಂದಳು. ಕೈಯಲ್ಲಿ ಅಳತೆಯ ಟೇಪು. ಕೂಸು ಗಮನ ಅತ್ತ ತಿರುಗಿಸಿತು. ಇಡೀ ಪ್ರಯೋಗ ನೀರಿನಲ್ಲಿ ಹೋಮ.

"ಏನು ಬೇಕಿತ್ತು ನಿಮಗೆ?" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಬಾಯಿ ಬಿಗಿಯಿತು. ಗದ್ದ ಮೇಲೆತ್ತಿ ನಿಂತೇ ಇದ್ದಳು. ಉತ್ತರವಿಲ್ಲ. ನಾನು ಇನ್ನೊಮ್ಮೆ ಕೇಳಬೇಕು ಎನ್ನುವ ಹೊತ್ತಿಗೆ ಒಂದೇ ಒಂದು ಪದ ಬಂತು: "ಅಳತೆ."

ಅಳತೆಯಂತೆ! ಹೆಣ ಇನ್ನೂ ಉಸಿರಾಡುತ್ತಿರುವಾಗಲೇ ಪೆಟ್ಟಿಗೆಗೆ ಅಳತೆ.

ಜೂನ್ ೨೪, ಸೋಮವಾರ

ಕೋಣೆ ಹೋಯಿತು. ನನಗೆ ಕೊಟ್ಟಿರುವುದು ಮೆಟ್ಟಿಲ ಕೆಳಗಿನ ಸಾಮಾನು ಕೋಣೆ. ಮೇಲೆ ಯಾರಾದರೂ ಹತ್ತಿದರೆ ತಲೆಯ ಮೇಲೆ ಮೆಣಸು ಅರೆದಂತೆ ಕೇಳಿಸುತ್ತದೆ. ಕಿಟಕಿ ಎನ್ನುವುದು ಇದೆ, ಅದು ಸೈಕಲ್ ನಿಲ್ಲಿಸುವ ಜಾಗಕ್ಕೆ ತೆರೆಯುತ್ತದೆ.

ಸಾಮಾನು ಸಾಗಿಸಲು ಯಾರೂ ಬರಲಿಲ್ಲ. ಚಕ್ರ, ಕ್ಯಾಮೆರಾ, ಕೂಸನ್ನು ಕೂರಿಸುವ ಎತ್ತರದ ಕುರ್ಚಿ, ಎಲ್ಲ ನಾನೇ ಹೊರಬೇಕು. ಮೂರನೆಯ ಸಲ ಬಂದಾಗ ಹೊಸಬಳು ಆ ಕುರ್ಚಿಯನ್ನು ಎತ್ತಿಕೊಂಡು ಹೊರಡುತ್ತಿದ್ದಳು. ಬೇಡ ಎಂದೆ. ಕೇಳಿಸದವಳ ಹಾಗೆ ಹೊತ್ತುಕೊಂಡು ಹೋದಳು. ಕೆಳಗೆ ಇಟ್ಟು ನನ್ನ ಕಡೆ ತಿರುಗಿ ಏನೋ ಹೇಳುವವಳಂತೆ ನಿಂತಳು. ನಿಂತೇ ಇದ್ದಳು. ನನ್ನ ತಾಳ್ಮೆ ಹರಿಯಿತು.

"ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತಾ?"

ಅವಳ ಮುಖಕ್ಕೆ ರಕ್ತ ನುಗ್ಗಿತು. ತಿರುಗಿ ಮೆಟ್ಟಿಲು ಹತ್ತಿ ಹೋದಳು. ಒಳ್ಳೆಯ ಏಟು ಬಿತ್ತು ಎಂದುಕೊಂಡೆ. ತೃಪ್ತಿಯಾಯಿತು.

ಜೂನ್ ೨೫, ಮಂಗಳವಾರ

ತೃಪ್ತಿ ಬೆಳಗಿನವರೆಗೆ ಉಳಿಯಲಿಲ್ಲ. ಯಾಕೆಂದು ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಪುರುಸೊತ್ತೂ ಇಲ್ಲ. ಅಂಕಿಅಂಶದ ತರಗತಿಯಲ್ಲಿ ಸರಾಸರಿ ಎಂದರೇನು ಎಂದು ಕೇಳಿದರೆ ಹಿಂದಿನ ಬೆಂಚಿನವನು "ನಾನು" ಎಂದ.

ಜುಲೈ ೯, ಮಂಗಳವಾರ

ವೆಬ್‌ಸೈಟ್ ಬಂತು. ನನ್ನ ಫೋಟೊದ ಕೆಳಗೆ ಹೀಗಿದೆ: ಸಂಶೋಧನೆಯ ಆಸಕ್ತಿ, ಗ್ರಾಹಕರ ಭಾವನೆಗಳ ನಿರ್ವಹಣೆ.

ಮೊದಲು ಪುಟ ತಪ್ಪಿರಬೇಕು ಎಂದುಕೊಂಡೆ. ಫೋಟೊ ನನ್ನದೇ. ಹೆಸರೂ ನನ್ನದೇ. ಆಸಕ್ತಿ ಮಾತ್ರ ಇನ್ಯಾರದೋ. ಒಬ್ಬ ಮನುಷ್ಯನ ಮನೆ ಕಸಿದುಕೊಳ್ಳಬಹುದು, ಕೋಣೆ ಕಸಿದುಕೊಳ್ಳಬಹುದು. ಆಸಕ್ತಿಯನ್ನೂ ಕಸಿದುಕೊಂಡು ಬೇರೆಯದನ್ನು ತೊಡಿಸಿ ಕಳಿಸುತ್ತಾರೆಂದು ಗೊತ್ತಿರಲಿಲ್ಲ.

ನಗುಮೊಗನ ಕೋಣೆಗೆ ನುಗ್ಗಿದೆ. "ಯಾರನ್ನ ಕೇಳಿ ಬದಲಾಯಿಸಿದ್ರಿ?"

"ಕೂತ್ಕೊಳಿ ಮೇಡಂ. ನಿಮ್ಮ ಒಳ್ಳೇದಕ್ಕೇ ಅಲ್ವಾ? ಕೂಸೂ ಒಂದು ಥರ ಗ್ರಾಹಕನೇ, ಯೋಚನೆ ಮಾಡಿ ನೋಡಿ."

ಯೋಚನೆ ಮಾಡಿದ್ದರೆ ಮೇಜಿನ ಮೇಲಿದ್ದ ಪೇಪರ್‌ವೇಟು ಎತ್ತುತ್ತಿದ್ದೆ. ಹೊರಗೆ ಬಂದೆ. ಹೊಸಬಳು ಜಗಲಿಯಲ್ಲಿ ನಿಂತಿದ್ದಳು, ಒಳಗಿನದೆಲ್ಲ ಕೇಳಿಸಿಕೊಂಡಿರಬೇಕು. ದಾಟಿ ಹೋಗುತ್ತಿದ್ದ ನನ್ನ ಎದುರಿಗೇ ಬಂದಳು.

"ನ್…"

ಅಷ್ಟೇ ಬಂತು. ಬಾಯಿ ಬಿಗಿಯಿತು. ಗದ್ದ ಮೇಲೇರಿತು. ಕತ್ತಿನ ನರವೊಂದು ಎದ್ದು ನಿಂತಿತು. ಕಣ್ಣು ಮಾತ್ರ ನನ್ನನ್ನು ಬಿಡಲಿಲ್ಲ. ನಾನು ಅಹಂಕಾರ ಎಂದು ಬರೆದಿಟ್ಟ ಮುಖ ಇದೇ. ಇವತ್ತು ಹತ್ತಿರದಿಂದ ನೋಡಿದೆ. ಪದವೊಂದು ಗಂಟಲಿನ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು.

"ನಿಮ್ಮದೂ ಅವರೇ ಬರೆದಿದ್ದಾ?" ಎಂದೆ, ಅವಳಿಗೆ ಸುಲಭವಾಗಲಿ ಎಂದು. ಹೌದೆಂದು ತಲೆಯಾಡಿಸಿದಳು. ಸಮಾಧಾನವಾಗಬೇಕಿತ್ತು, ಮುಖ ಮತ್ತಷ್ಟು ಮುಚ್ಚಿಕೊಂಡಿತು.

ಆಮೇಲೆ ನಿಧಾನವಾಗಿ, ಅಲ್ಲಲ್ಲಿ ನಿಂತು ಹೇಳಿದಳು. ಗಿರಾಕಿಗಳ ಕಣ್ಣು ಅವಳ ವಿಷಯವೇ ಅಲ್ಲ. ಅವಳು ಓದಿದ್ದು ತೊದಲಿನ ಬಗ್ಗೆ. ಒಬ್ಬ ಮನುಷ್ಯನಿಗೆ ಕೆಲವರ ಮುಂದೆ ಮಾತು ಯಾಕೆ ನಿಲ್ಲುತ್ತದೆ, ಕೆಲವರ ಮುಂದೆ ಯಾಕೆ ಹರಿಯುತ್ತದೆ. ಕೆಲಸಕ್ಕೆ ಸೇರುವಾಗ ಅದನ್ನೇ ಬರೆದಿದ್ದಳಂತೆ. "ಅದನ್ನ ಆಮೇಲೆ ನೋಡೋಣ" ಎಂದರಂತೆ ನಗುಮೊಗ, ನಗುತ್ತ.

ನನಗೆ ಸಿಟ್ಟು ಬಂದದ್ದು ಅವಳ ಮೇಲೆಯೇ. ಮೊದಲ ದಿನವೇ ಹೇಳಬಾರದಿತ್ತೇ? ಕೂಸುಗಳ ಮುಖದಲ್ಲಿ ಹುಬ್ಬು ಕೂದಲೆಳೆಯಷ್ಟು ಕೆಳಗಿಳಿದರೂ ಗುರುತಿಸುವವಳು ನಾನು. ನನ್ನ ಮುಂದೆ ಇಷ್ಟು ದಿನ ಹಾಗೆ ನಿಂತು, ನನ್ನನ್ನು ದಡ್ಡಿ ಮಾಡಿಬಿಟ್ಟಳು.

ಜುಲೈ ೧೮, ಗುರುವಾರ

ಸಾಮಾನು ಕೋಣೆಯಲ್ಲಿ ಗಾಜಿಲ್ಲ, ಹಳೆಯ ಪರದೆಯೊಂದನ್ನು ಕಟ್ಟಿಕೊಂಡಿದ್ದೇನೆ. ಕಂಡಕ್ಟರಮ್ಮ ಮಗನನ್ನು ಮತ್ತೆ ಕರೆತಂದಳು. ಚಕ್ರ ನಿಂತದ್ದೇ ತಡ, ಅವನು ಶುರುಮಾಡಿದ. ಅಷ್ಟರಲ್ಲಿ ಡಿಪೋದಿಂದ ಅವಳಿಗೆ ಫೋನು, ಮಾತಾಡಲು ಹೊರಗೆ ಓಡಿದಳು. ನಾನು ಪರದೆಯ ಹಿಂದೆ ಕ್ಯಾಮೆರಾದ ತಂತಿ ಬಿಡಿಸುತ್ತಿದ್ದೆ.

ಯಾರೋ ಕೂಸಿನ ಹತ್ತಿರ ಮಾತಾಡುವುದು ಕೇಳಿಸಿತು. "ಏನೋ ರಾಜ, ಯಾರ ಮೇಲೋ ನಿಂಗೆ ಇಷ್ಟು ಕೋಪ? ಚಕ್ರ ನಿಂತೋಯ್ತಾ? ನಿನ್ನ ಕೇಳ್ದೇ ನಿಂತೋಯ್ತಾ? ಎಷ್ಟು ಧೈರ್ಯ ಅದಕ್ಕೆ! ಬಾ, ಇಬ್ರೂ ಸೇರಿ ಬೈಯೋಣ." ಒಂದೇ ಓಟ. ಎಲ್ಲಿಯೂ ಎಡವಿಲ್ಲ. ಕಂಡಕ್ಟರಮ್ಮನ ದನಿಯಲ್ಲ. ಪರದೆ ಸರಿಸಿ ನೋಡಿದರೆ ಆ ಹೊಸ ಹುಡುಗಿ. ಹಳೆಯ ಕೋಣೆಯಲ್ಲಿ ನಾನು ಬಿಟ್ಟುಬಂದಿದ್ದ ಪಟ್ಟಿಗಳನ್ನು ಕೊಡಲು ಬಂದಿದ್ದಳಂತೆ. ನನ್ನನ್ನು ಕಂಡದ್ದೇ ಮಾತು ನಲ್ಲಿ ತಿರುಗಿಸಿದಂತೆ ನಿಂತಿತು.

"ಇದೆಲ್ಲಿತ್ತು ಇಷ್ಟು ದಿನ?" ಎಂದೆ.

ಕೂಸುಗಳ ಮುಂದೆ ಅವಳಿಗೆ ಯಾವತ್ತೂ ತೊದಲು ಬರುವುದಿಲ್ಲವಂತೆ. ನಾಯಿ, ಬೆಕ್ಕು, ಕೂಸು. ಯಾಕೆ ಎಂದೆ. ಉತ್ತರ ಬರಲು ಹೊತ್ತು ಹಿಡಿಯಿತು. "ಕೂಸು ಕ್… ಕಾಯಲ್ಲ ಮೇಡಂ. ನನ್ನ ಮಾತು ಯಾವಾಗ ಮುಗಿಯುತ್ತೆ ಅಂತ ಕಾಯ್ತಾ ಕೂರಲ್ಲ. ನೀವೆಲ್ಲ ಕಾಯ್ತೀರ. ಇಲ್ಲಾಂದ್ರೆ ನೀವೇ ಮ್… ಮುಗಿಸಿಬಿಡ್ತೀರ. ಆಗ ನಂಗೆ ತುಂಬ ಸಿಟ್ಟು ಬರುತ್ತೆ."

"ಬಂದ್ರೆ ತೋರಿಸ್ಬೇಕು. ನುಂಗ್ಕೊಂಡು ಕೂತ್ರೆ ಯಾರಿಗೆ ಗೊತ್ತಾಗುತ್ತೆ?"

"ತೋರಿಸೋಕೂ ಮಾತೇ ಬೇಕಲ್ಲ ಮೇಡಂ."

ನಾನು ಕ್ಯಾಮೆರಾದ ತಂತಿಗೆ ಮರಳಿದೆ. ಮುತ್ತು ಉದುರುವ ಆ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಕಂಡಕ್ಟರಮ್ಮ ವಾಪಸು ಬಂದು, "ನನ್ ಮಗನ್ನ ಸುಮ್ನಿರಿಸಿದ್ದು ಯಾರು? ನಮ್ಮನೇಗೆ ಕಳಿಸ್ಕೊಡಿ" ಎಂದಳು.

ಗಿರಾಕಿಗಳ ಕಣ್ಣು ಅಳೆಯಲು ಇವಳನ್ನು ಕೂರಿಸಿದ್ದಾರೆ. ಮೀನಿಗೆ ಮರ ಹತ್ತುವ ಕೆಲಸ. ಆ ಮನುಷ್ಯನಿಗೆ ಬುದ್ಧಿ ಅನ್ನುವುದು ಇದೆಯೇ?

ಜುಲೈ ೩೦, ಮಂಗಳವಾರ

ಅನುದಾನ ಕೊಟ್ಟ ಅಂಗಡಿಯವರು ಬಂದಿದ್ದರು. ನನ್ನ ಕೋಣೆಯಲ್ಲಿ, ಅಂದರೆ ಅವರ ಕೋಣೆಯಲ್ಲಿ, ಆ ಹುಡುಗಿ ಎಲ್ಲವನ್ನೂ ವಿವರಿಸಬೇಕಿತ್ತು. ಅವಳ ಮಾತು ನಿಂತದ್ದು ಎಲ್ಲಿ? ಆ ಅಂಗಡಿಯ ಹೆಸರಿನ ಮೇಲೇ. ನಗುಮೊಗ ಹೆಸರನ್ನು ಪೂರ್ತಿ ಮಾಡಿ, "ನಮ್ಮ ಮೇಡಂ ಸ್ವಲ್ಪ ಪ್ಯಾಸೆಂಜರ್ ಗಾಡಿ" ಎಂದರು. ಬಂದವರು ನಕ್ಕರು. ಅವಳೂ ನಕ್ಕಳು. ಅವಳು ನಕ್ಕದ್ದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಚಹಾ ಕುಡಿಯದೆ ಎದ್ದು ಬಂದೆ. ಹೇಗಿದ್ದರೂ ಆರಿಹೋಗಿತ್ತು.

ಆಗಸ್ಟ್ ೬, ಮಂಗಳವಾರ

ನಗುಮೊಗ ಕರೆಸಿದರು. ಚಹಾ ತರಿಸಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆ ಹುಡುಗಿಯದು ಪರೀಕ್ಷಾರ್ಥ ನೇಮಕ. ಮುಂದುವರಿಸಬೇಕೋ ಬೇಡವೋ ಎಂದು ಹೇಳಲು ಮೂವರ ಸಮಿತಿ: ಮುಖ್ಯಸ್ಥರು, ಅರ್ಥಶಾಸ್ತ್ರದಿಂದ ಬಂದ ಡೀನ್, ಹಿರಿಯಳಾದ ನಾನು. ಒಂದು ಪಾಠ ಮಾಡಿಸುತ್ತಾರೆ, ನಾವು ಹಿಂದೆ ಕೂತು ನೋಡಿ ವರದಿ ಬರೆಯಬೇಕು.

"ಅಂಗಡಿಯವರಿಗೆ ಸಮಾಧಾನ ಇಲ್ಲ ಮೇಡಂ. ಪಾಪ, ಒಳ್ಳೆ ಹುಡುಗಿ, ಆದ್ರೆ ಮಾತೇ ಬರ್ದಿದ್ರೆ ಮೇಷ್ಟ್ರು ಕೆಲಸ ಹೇಗೆ? ನೀವು ನೋಡಿದ್ದನ್ನ ಬರೀರಿ, ಸಾಕು. ಅವ್ರು ಹೋದ್ರೆ ಆ ಕೋಣೆ ಇಟ್ಕೊಂಡು ನಾನೇನ್ ಮಾಡ್ಲಿ? ನಿಮ್ಮ ಕೂಸುಗಳು ವಾಪಸ್ ಬರ್ಲಿ. ಶೈಶವದ ಪಾಠನೂ ಬರ್ಲಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಯೋಚಿಸುತ್ತೇನೆ ಎಂದೆ.

ಬರುವಾಗ ಹಳೆಯ ಕೋಣೆಯ ಬಾಗಿಲು ತೆರೆದಿತ್ತು. ಗೋಡೆಯುದ್ದಕ್ಕೂ ಸಾಬೂನು, ಶಾಂಪೂ ಜೋಡಿಸಿದ ಕಪಾಟುಗಳು. ನನ್ನ ಗಾಜು ಹಾಗೆಯೇ ಇದೆ. ಬೆಳಕು ಮೊದಲಿನ ಹಾಗೆಯೇ, ಕೂಸುಗಳನ್ನು ಕೂರಿಸುತ್ತಿದ್ದ ಜಾಗದ ಮೇಲೆ ಬೀಳುತ್ತದೆ. ನನಗೆ ಈ ಕೋಣೆ ಬೇಕು. ಬರೆದೇ ಬಿಡುತ್ತೇನೆ, ಬೇಕು. ಅವಳೇನು ನನ್ನ ತಂಗಿಯೇ, ಮಗಳೇ? ಅವಳಿಗೆ ತೊದಲು ಇರುವುದು ಸುಳ್ಳೇ? ನೋಡಿದ್ದನ್ನು ಬರೆದರೆ ಅದು ಅನ್ಯಾಯ ಹೇಗಾಗುತ್ತದೆ?

ಮನೆಯಲ್ಲಿ ಬಾಯಿ ಬಿಡಲಿಲ್ಲ. ಊಟ ಬಡಿಸುವಾಗ ಅತ್ತೆ ನನ್ನ ಹಣೆ ಮುಟ್ಟಿ ನೋಡಿದರು. "ಇವತ್ತು ಯಾರನ್ನೂ ಬೈಲೇ ಇಲ್ವಲ್ಲ. ಹುಷಾರಿದೀಯ ತಾನೇ?"

ಆಗಸ್ಟ್ ೭, ಬುಧವಾರ

ಹೊಟ್ಟೆನೋವು ಎಂದು ರಜೆ ಹಾಕಿದೆ. ಹೊಟ್ಟೆಗೆ ಏನೂ ಆಗಿರಲಿಲ್ಲ.

ಆಗಸ್ಟ್ ೧೨, ಸೋಮವಾರ

ನಮ್ಮ ಯಜಮಾನರ ಕನ್ನಡಕದ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಮನೆಯಲ್ಲಿ ಹೇಳಿದರೆ ಅತ್ತೆಯ ಗಾದೆಗಳು ಶುರುವಾಗುತ್ತವೆ. ಇವರು ಯಾವುದೋ ಚೌಕಟ್ಟಿಗೆ ತಿರುಪು ಹಾಕುತ್ತ ಕೇಳಿಸಿಕೊಂಡರು.

"ನಿಂಗೆ ಕೋಣೆ ಬೇಕಾ?"

"ಬೇಕು."

"ಹಾಗಿದ್ರೆ ಬರೆದುಕೊಡ್ತೀಯಾ?"

"ನಂಗೇನ್ ಗೊತ್ತು! ಅವ್ನು ನನ್ನನ್ನ ಏನು ಅಂದ್ಕೊಂಡಿದಾನೆ? ಅವ್ಳು ಅಲ್ಲಿ ಬೆವರು ಸುರಿಸ್ಕೊಂಡು ಒಂದೊಂದು ಪದ ತರ್ತಾ ಇದ್ರೆ ಇವ್ನು ಹಲ್ಲು ಕಿರ್ಕೊಂಡು…"

"ಮೆಲ್ಲಗೆ ಕಣೆ. ಗಿರಾಕಿ ಹೆದರ್ಕೊಂಡು ಹೊರಗೆ ಹೋಗ್ಬಿಟ್ರು."

ನಿಜ. ಒಬ್ಬ ಮುದುಕರು ಕಣ್ಣು ಪರೀಕ್ಷೆಯ ಅರ್ಧದಲ್ಲೇ ಎದ್ದು ಹೋಗಿದ್ದರು.

"ನಾನು ಮಗಳನ್ನ ಹೊತ್ತಿದ್ದಾಗ ಆಗಿನ ಮುಖ್ಯಸ್ಥ ನನ್ನ ಪಾಠ ಕಿತ್ಕೊಂಡಿದ್ದು ನೆನಪಿದೆಯಾ?" ಎಂದೆ. ಯಾಕೆ ಅದು ಬಾಯಿಗೆ ಬಂತೋ.

"ಇದೆ. ಆಗ ನಿಂಗೆ ಸಿಟ್ಟೇ ಬರ್ತಿರ್ಲಿಲ್ಲ. ಅಳ್ತಿದ್ದೆ" ಎಂದರು ಇವರು, ತಿರುಪು ಬಿಗಿಸುತ್ತ.

ಆಗಸ್ಟ್ ೧೯, ಸೋಮವಾರ

ಸಿಟ್ಟು ಇಳಿಯುವ ಮೊದಲೇ ಬರೆಯಬೇಕು, ಅಕ್ಷರ ಹೇಗೆ ಬಂದರೂ ಸರಿ.

ಹನ್ನೊಂದು ಗಂಟೆಗೆ ಪಾಠ. ತರಗತಿ ತುಂಬಿತ್ತು. ನಾವು ಮೂವರು ಹಿಂದಿನ ಬೆಂಚಿನಲ್ಲಿ. ಡೀನ್ ಕೂತ ಕೂಡಲೇ ಕಣ್ಣು ಅರ್ಧ ಮುಚ್ಚಿದರು. ವಿಷಯ, ಮನುಷ್ಯ ಒಂದನ್ನು ನೋಡುವಾಗ ಇನ್ನೊಂದನ್ನು ಹೇಗೆ ಕಾಣದೆ ಹೋಗುತ್ತಾನೆ ಎನ್ನುವುದು. ಚೆನ್ನಾಗಿ ಶುರು ಮಾಡಿದಳು. ಕೈಗಡಿಯಾರ ಕಟ್ಟಿಕೊಂಡಿರುವವರೆಲ್ಲ ಅದನ್ನು ಮುಚ್ಚಿ, ಅದರ ಅಂಕಿಗಳು ಹೇಗಿವೆ ಎಂದು ಬರೆಯಿರಿ ಎಂದಳು. ದಿನವೂ ನೋಡುವ ಗಡಿಯಾರ, ಯಾರಿಗೂ ಬರೆಯಲಾಗಲಿಲ್ಲ. ಹುಡುಗರು ಎಚ್ಚೆತ್ತರು. ಡೀನ್ ಕೂಡ ಮೆಲ್ಲಗೆ ತಮ್ಮ ಗಡಿಯಾರ ಮುಚ್ಚಿಕೊಂಡದ್ದನ್ನು ನೋಡಿದೆ.

"ಹಾಗಿದ್ರೆ ನೋಡೋದು ಬೇರೆ, ಗ್…"

ನಿಂತಿತು. ಗದ್ದ ಮೇಲೇರಿತು.

"ಗಮನ!" ಎಂದರು ನಗುಮೊಗ, ಹಿಂದಿನಿಂದ, ಜೋರಾಗಿ. ಒಂದಿಬ್ಬರು ಕಿಸಕ್ಕೆಂದರು. ಅವಳು ಮುಂದಕ್ಕೆ ಹೋದಳು. ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೊಂದು ಪದ ಸಿಕ್ಕಿಕೊಂಡಿತು. ಅದನ್ನೂ ಈತ ಪೂರ್ತಿ ಮಾಡಿದರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಈಗ ಅವಳ ಮಾತು ಪ್ರತಿ ವಾಕ್ಯಕ್ಕೂ ನಿಲ್ಲತೊಡಗಿತು, ನಿಂತಲ್ಲೆಲ್ಲ ಈತ ಪದ ಎಸೆಯತೊಡಗಿದರು. ನಾಯಿಗೆ ಬಿಸ್ಕತ್ತು ಎಸೆದ ಹಾಗೆ. ಅವಳ ಕೈ ಮೇಜಿನ ಅಂಚಿನಿಂದ ಜಾರಿತು, ಭುಜ ಇಳಿಯಿತು, ಕೆಳತುಟಿ ಹೊರಗೆ ಬಂತು. ಆ ಮುಖ ನನಗೆ ಗೊತ್ತು. ಕೈ ಚೆಲ್ಲುವ ಮುಖ.

ನಾನು ಎದ್ದು ನಿಂತಿದ್ದೆ. ಎದ್ದದ್ದು ಯಾವಾಗ ಎಂದು ಗೊತ್ತಿಲ್ಲ.

"ಸಾರ್, ಅವಳ ಬಾಯಲ್ಲಿರೋ ಪದ ಅವಳದ್ದು. ಕಿತ್ಕೋಬೇಡಿ."

"ಮೇಡಂ, ನಾನು ಸಹಾಯ…"

"ಯಾರು ಕೇಳಿದ್ರು ನಿಮ್ಮ ಸಹಾಯನ? ಅವಳು ಕೇಳಿದ್ಲಾ? ಈ ಮಕ್ಕಳು ಕೇಳಿದ್ರಾ? ಎಷ್ಟು ಹೊತ್ತಾದ್ರೂ ಆಗ್ಲಿ, ನಮಗೇನು ಬಸ್ ಹಿಡಿಯೋದಿಲ್ಲ. ಬಾಯಿ ಮುಚ್ಕೊಂಡು ಕೂತ್ಕೊಳಿ!"

ಮುಖ್ಯಸ್ಥನಿಗೆ ಬಾಯಿ ಮುಚ್ಚು ಎಂದದ್ದು ನನ್ನ ಕಿವಿಗೂ ಆಗ ಬಿತ್ತು. ಕೂತೆ. ಮುಂದಿನ ಸಾಲಿನಿಂದ ಹಿಂದಿನವರೆಗೆ ಯಾರೂ ಅಲುಗಲಿಲ್ಲ.

ಅವಳು ನಿಂತಿದ್ದಳು. ಕಿಟಕಿಯ ಹೊರಗೆ ಯಾರೋ ಸ್ಕೂಟರ್ ಶುರು ಮಾಡಿ ಹೊರಟುಹೋದರು. ಅವಳ ಬಾಯಿ ಬಿಗಿದೇ ಇತ್ತು. ಎಲ್ಲರೂ ಕಾದರು. ಆಮೇಲೆ ಪದ ಬಂತು. ಅದರ ಹಿಂದೆ ವಾಕ್ಯ ಬಂತು. ಪವಾಡವೇನೂ ಆಗಲಿಲ್ಲ, ಗಂಟೆ ಹೊಡೆಯುವವರೆಗೂ ಮತ್ತೆ ಮತ್ತೆ ನಿಂತಳು. ನಿಂತಾಗಲೆಲ್ಲ ನಾವು ಕಾದೆವು. ಕೊನೆಗೆ ಮೂರು ಮಂದಿ ಪ್ರಶ್ನೆ ಕೇಳಿದರು. ನನ್ನ ಅಂಕಿಅಂಶದ ತರಗತಿಯಲ್ಲಿ "ಸರಾಸರಿ ನಾನು" ಎಂದಿದ್ದವನೂ ಅದರಲ್ಲಿ ಒಬ್ಬ.

ಆಮೇಲೆ ಡೀನ್ ಕೋಣೆ. ವರದಿ ಆಗಲೇ ಟೈಪಾಗಿ ಸಿದ್ಧವಾಗಿತ್ತು: ಸಂವಹನ ಸಾಮರ್ಥ್ಯ ಸಾಲದು, ಮುಂದುವರಿಸುವುದು ಬೇಡ. ಪಾಠಕ್ಕೆ ಮೊದಲೇ! ನಾನು ಒಪ್ಪುವುದಿಲ್ಲ, ಬೇರೆಯೇ ಬರೆದುಕೊಡುತ್ತೇನೆ ಎಂದೆ. ಇನ್ನೇನೇನು ಅಂದೆನೋ, ಎಲ್ಲ ನೆನಪಿಲ್ಲ. ಡೀನ್ ತಮ್ಮ ಕೈಗಡಿಯಾರವನ್ನೇ ನೋಡುತ್ತಿದ್ದರು.

"ಹನ್ನೆರಡು ವರ್ಷದಿಂದ ಕಟ್ತಾ ಇದೀನಿ ಕಣ್ರೀ. ಆರರ ಜಾಗದಲ್ಲಿ ಅಂಕಿನೇ ಇಲ್ಲ, ಬರೀ ಗೀಟು. ಇವತ್ತೇ ಗೊತ್ತಾಗಿದ್ದು" ಎಂದರು. ಆಮೇಲೆ ಟೈಪಾದ ಹಾಳೆಯನ್ನು ಮುಖ್ಯಸ್ಥರ ಕಡೆ ಹಿಂದಕ್ಕೆ ತಳ್ಳಿದರು. "ನಂಗೆ ಪಾಠ ಅರ್ಥ ಆಯ್ತು. ಮುಂದುವರೀಲಿ."

ಇಬ್ಬರು ಒಂದು ಕಡೆ, ಒಬ್ಬರು ಒಂದು ಕಡೆ.

ಹೊರಗೆ ಬಂದ ಮೇಲೆ ನಗುಮೊಗ ನನ್ನ ಪಕ್ಕದಲ್ಲೇ ನಡೆದರು. ಮೊದಲ ಸಲ ಅವರ ಮುಖದಲ್ಲಿ ನಗು ಇರಲಿಲ್ಲ. "ಕೋಣೆ ವಿಷಯ ಮರ್ತುಬಿಡಿ ಮೇಡಂ. ನಾನು ಇಲ್ಲಿರೋವರೆಗೂ."

ಮರೆಯುವುದಿಲ್ಲ. ಆ ಕೋಣೆ ನನಗೆ ಈಗಲೂ ಬೇಕು. ಇನ್ನೂ ಒಂದು ಬರೆದಿಡುತ್ತೇನೆ, ಆಮೇಲೆ ನಾನೇ ತಪ್ಪು ತಿಳಿಯಬಾರದು: ಇದನ್ನೆಲ್ಲ ನಾನು ಆ ಹುಡುಗಿಗಾಗಿ ಮಾಡಲಿಲ್ಲ. ನನಗೆ ಆ ಮನುಷ್ಯನನ್ನು ಕಂಡರಾಗದು, ಅಷ್ಟೇ.

ಆಗಸ್ಟ್ ೨೦, ಮಂಗಳವಾರ

ಸಾಮಾನು ಕೋಣೆಗೆ ಬಂದಳು. ಥ್ಯಾಂಕ್ಸ್ ಎಂದಳು. ಆಮೇಲೆ ಹೋಗದೆ ನಿಂತಳು.

"ಆದ್ರೆ ಅ… ಅದನ್ನ ನಾನು ಹೇಳ್ಬೇಕಿತ್ತು ಮೇಡಂ. ನೀವಲ್ಲ."

ನೋಡಿ, ಉಪಕಾರ ಮಾಡಿದರೆ ಹೀ‌ಗೆ! ಕೆಲಸ ಉಳಿಸಿಕೊಟ್ಟವಳಿಗೇ ಪಾಠ. ನಾನೂ ಬಿಡಲಿಲ್ಲ. "ಸರಿ, ಮುಂದಿನ ಸಲ ನೀನೇ ಹೇಳು. ನಾನು ಕಡ್ಲೆ ತಿಂತಾ ಕೂತಿರ್ತೀನಿ" ಎಂದೆ. ನಕ್ಕುಬಿಟ್ಟಳು. ಆ ಮುತ್ತಿನ ಮಾತು ತಪ್ಪಾಯಿತು ಎಂದೂ ಅದರ ಜೊತೆಗೇ ಹೇಳಿದೆ, ಬೇಗ ಬೇಗ. ಕೇಳಿಸಿತೋ ಇಲ್ಲವೋ, ಮೇಲೆ ಯಾರೋ ದಡದಡನೆ ಮೆಟ್ಟಿಲು ಹತ್ತುತ್ತಿದ್ದರು.

ಸಂಜೆ ಗಿರಾಕಿಗಳ ಕಣ್ಣು ಮುಗಿಸಿ ನನ್ನ ಹಳೆಯ ಕೂಸುಗಳ ವಿಡಿಯೊ ನೋಡಲು ಬರಬಹುದೇ ಎಂದು ಕೇಳಿದಳು. ಕುರ್ಚಿ ಒಂದೇ ಇದೆ ಎಂದೆ. ತರುತ್ತೇನೆ ಎಂದಳು.

ಸೆಪ್ಟೆಂಬರ್ ೧೭, ಮಂಗಳವಾರ

ಮುಂದಿನ ವರ್ಷಕ್ಕೂ ನನಗೆ ಅಂಕಿಅಂಶವೇ ಅಂತೆ. ಇರಲಿ. ಹುಡುಗಿಗೆ ಮೂರು ತರಗತಿ ಜಾಸ್ತಿ ಹೊರಿಸಿದ್ದಾರೆ, ಅದು ಹೇಗೆ ಹೊರಿಸುತ್ತಾರೆ? ಬೆಳಗ್ಗೆಯೇ ಹೋಗಿ ಕೂಗಾಡಿದೆ. ಒಂದನ್ನು ಇಳಿಸಿದರು. ಇನ್ನೆರಡಕ್ಕೆ ನಾಳೆ ಹೋಗುತ್ತೇನೆ.

ಅಕ್ಟೋಬರ್ ೨೧, ಸೋಮವಾರ

ಇಂಥ ಸೊಕ್ಕಿನ ಹುಡುಗಿಯನ್ನು ನಾನು ನನ್ನ ಜೀವಮಾನದಲ್ಲಿ ನೋಡಿಲ್ಲ.

ಎರಡು ತಿಂಗಳಿಂದ ದಿನವೂ ಸಂಜೆ ಬಂದು ನನ್ನ ವಿಡಿಯೊಗಳನ್ನು ನೋಡುತ್ತಿದ್ದಾಳೆ. ನೋಡಲಿ ಎಂದು ಬಿಟ್ಟದ್ದೇ ತಪ್ಪಾಯಿತು. ಇವತ್ತು ನಮ್ಮ ಹುಡುಗಿ ಬಂದವಳೇ ಕುರ್ಚಿಯಲ್ಲೂ ಕೂರದೆ, ನಾನು ಇಪ್ಪತ್ತು ವರ್ಷದಿಂದ ಎಣಿಸಿಕೊಂಡು ಬಂದದ್ದರ ಮೇಲೆ ಬೆರಳಿಟ್ಟಳು.

"ಮೇಡಂ, ಇದು ತ್…"

ನಿಂತಿತು. ಯಾವ ಪದ ಬರುತ್ತಿದೆ ಎಂದು ನನಗೆ ಗೊತ್ತಿತ್ತು. ಎರಡು ಅಕ್ಷರದ್ದು. ಹೇಳಿಬಿಡಬಹುದಿತ್ತು. ಹಲ್ಲು ಕಚ್ಚಿ ಕೂತೆ. ನನ್ನನ್ನೇ ಹೊಡೆಯಲು ಬರುತ್ತಿರುವ ಪದಕ್ಕೆ ನಾನೇ ಕಾದು ಕೂರಬೇಕು! ಕಾದೆ. ಬಂತು.

"ತಪ್ಪು."

ನಾನು ಎಣಿಸಿದ್ದು ಬರೀ ಕೂಸುಗಳ ಮುಖವಂತೆ. ತಾಯಂದಿರ ಮಾತನ್ನು ಕೇಳಿಸಿಕೊಂಡೇ ಇಲ್ಲವಂತೆ. ಅವಳು ಕೇಳಿಸಿಕೊಂಡಿದ್ದಾಳಂತೆ, ಒಂದೊಂದನ್ನೂ. ಚಕ್ರ ನಿಂತಾಗ ತಾಯಿ ಧಾವಿಸಿ ಬಂದು ತಾನೇ ಚಕ್ರ ತಿರುಗಿಸಿಕೊಟ್ಟ ಕೂಸುಗಳೇ ಹೆಚ್ಚಾಗಿ ಕೈ ಚೆಲ್ಲಿ ಅತ್ತಿವೆಯಂತೆ. ಮಾತಾಡುತ್ತ ಪಕ್ಕದಲ್ಲೇ ಕೂತು, ಎಳೆಯುವುದನ್ನು ಕೂಸಿಗೇ ಬಿಟ್ಟ ತಾಯಂದಿರ ಕೂಸುಗಳೇ ಸಿಟ್ಟು ಮಾಡಿವೆಯಂತೆ. ಸಿಟ್ಟು ಇರುವುದು ಕೂಸಿನೊಳಗೆ ಮಾತ್ರ ಎಂದು ನಾನು ಬರೆದದ್ದೆಲ್ಲ ಅರ್ಧ ಕಥೆಯಂತೆ.

ನಾನೂ ಕೂಗಿದೆ. ಅವಳೂ ಕೂಗಿದಳು. ತೊದಲುತ್ತಲೇ ಕೂಗಿದಳು, ಒಂದೊಂದು ಪದಕ್ಕೂ ನಿಂತು, ಬೆವತು, ಬಿಡದೆ, ಮೇಜು ಕುಟ್ಟಿ. ಸೈಕಲ್ ತೆಗೆಯಲು ಬಂದವರು ಕಿಟಕಿಯಲ್ಲಿ ಇಣುಕಿ ನೋಡಿದರು. ನಾಳೆ ನನ್ನ ಹತ್ತಿರ ಉತ್ತರ ಇರಬೇಕಂತೆ, ಇಲ್ಲದಿದ್ದರೆ ಇಬ್ಬರೂ ಸೇರಿ ಎಲ್ಲವನ್ನೂ ಮೊದಲಿನಿಂದ ಎಣಿಸಬೇಕಂತೆ. ಅಷ್ಟು ಹೇಳಿ ಹೊರಟುಹೋದಳು.

ಅವಳು ಹೋದ ಮೇಲೆ ನಾಲ್ಕು ವಿಡಿಯೊ ಹಾಕಿ ನೋಡಿದೆ, ಈ ಸಲ ಕಣ್ಣು ಮುಚ್ಚಿಕೊಂಡು, ಬರೀ ಕಿವಿಯಿಂದ. ನಾಲ್ಕರಲ್ಲೂ ಅವಳು ಹೇಳಿದ ಹಾಗೆಯೇ ಇದೆ. ಐದನೆಯದನ್ನು ನಾಳೆ ಬೆಳಗ್ಗೆ, ಅವಳು ಬರುವ ಮೊದಲೇ ಹೋಗಿ ನೋಡುತ್ತೇನೆ.

ಹೋಗುವಾಗ ಅವಳು ಬಾಗಿಲು ಬಡಿದ ರಭಸಕ್ಕೆ ಗೋಡೆಯ ಸುಣ್ಣ ಉದುರಿ ನನ್ನ ತಲೆಯ ಮೇಲೆ ಬಿತ್ತು. ಅಷ್ಟು ಜೋರಾಗಿ ಬಾಗಿಲು ಬಡಿಯುವುದನ್ನು ಈ ಹುಡುಗಿ ಎಲ್ಲಿ ಕಲಿತಳೋ.